ಹೊಡೆತವೋ, ನಡಿಗೆಯೋ?

ಗಾಲ್ಫ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನೆಗಳಲ್ಲಿ ಒಂದು ಬಗೆಯ ಕಿರುನಗೆ ಮೂಡುವುದುಂಟು. ಅದು ಸಾಹೇಬರ ಆಟ, ಸಿರಿವಂತರ ಆಟ, ಹೊತ್ತು ಕಳೆಯುವ ದಾರಿ ಕಾಣದವರ ಆಟ ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಬೆಂಗಳೂರಿನಲ್ಲಿ ೧೮೭೬ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ಬೊಂದು ಹುಟ್ಟಿಕೊಂಡಿತಾದರೂ, ಅದರ ಬೇಲಿಯ ಹೊರಗಣ ರಸ್ತೆಯಲ್ಲಿ ಓಡಾಡಿದ ಎಷ್ಟೋ ತಲೆಮಾರುಗಳ ಜನಕ್ಕೆ ಬೇಲಿಯೊಳಗೆ ನಡೆಯುವುದೇನೆಂಬುದು ಬಿಡಿಸಲಾಗದ ಒಗಟಾಗಿಯೇ ಉಳಿಯಿತು.

ಆ ಬೇಲಿ ಒಂದು ದಿನದ ಮಟ್ಟಿಗಾದರೂ ಮುರಿದುಬಿದ್ದದ್ದು ೨೦೨೧ರ ಆಗಸ್ಟ್ ೭ರ ಬೆಳಿಗ್ಗೆ. ಜಪಾನಿನಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆಯುತ್ತಿದ್ದವು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಅಂಚಿನಲ್ಲಿ ನಿಂತಿದ್ದಳು. ಅದುವರೆಗೆ ಗಾಲ್ಫಿನ ಗಂಧವೇ ಇಲ್ಲದ ಮನೆಗಳಲ್ಲಿಯೂ ಅಂದು ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು ಟೆಲಿವಿಷನ್ನಿನ ಮುಂದೆ ಕುಳಿತವರು, 'ಬರ್ಡಿ ಎಂದರೇನು?' ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಒಂದೇ ಒಂದು ಹೊಡೆತದ ಅಂತರದಲ್ಲಿ ಕಂಚು ಕೈತಪ್ಪಿ ಆಕೆ ನಾಲ್ಕನೆಯವಳಾದಳು. ಆ ದೃಶ್ಯದಲ್ಲಿ ಆಕೆಯ ಪಕ್ಕದಲ್ಲಿ ಚೀಲ ಹೊತ್ತು ನಡೆಯುತ್ತಿದ್ದವರು ಆಕೆಯ ತಾಯಿ.

ಆ ಚೀಲವನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಗಾಲ್ಫಿನ ಒಂದು ವಿಶೇಷವೆಂದರೆ, ಆಟಗಾರನ ಭಾರವನ್ನು ಮತ್ತೊಬ್ಬರು ಹೊರಬಹುದು. ಕ್ಯಾಡಿ ಎಂಬ ಸಹಾಯಕನು ಕೋಲುಗಳನ್ನು ಹೊರುತ್ತಾನೆ, ಕೊಡೆ ಹಿಡಿಯುತ್ತಾನೆ, ದೂರವನ್ನು ಲೆಕ್ಕ ಹಾಕಿ ಹೇಳುತ್ತಾನೆ, ಯಾವ ಕೋಲನ್ನು ಎತ್ತಿಕೊಳ್ಳಬೇಕೆಂದು ಸಲಹೆಯನ್ನೂ ಕೊಡುತ್ತಾನೆ. ಚೆಂಡನ್ನು ಹೊಡೆಯುವುದೊಂದು ಮಾತ್ರ ಆಟಗಾರನದೇ ಆಗಿರಬೇಕು. ಹೀಗೆ ಗಟ್ಟಿಮುಟ್ಟಾದವನ ಚೀಲವನ್ನು ಮತ್ತೊಬ್ಬರ ಹೆಗಲು ಹೊರಬಹುದಾದರೆ, ನಡೆಯಲಾರದವನ ದೇಹವನ್ನು ನಾಲ್ಕು ಚಕ್ರಗಳು ಹೊರಬಾರದೇಕೆ? ಮೇಲುನೋಟಕ್ಕೆ ಮಕ್ಕಳ ಪ್ರಶ್ನೆಯಂತೆ ತೋರುವ ಈ ಮಾತು ಅಮೆರಿಕೆಯಲ್ಲಿ ಕೆಳಗಿನ ನ್ಯಾಯಾಲಯದಿಂದ ಮೊದಲಾಗಿ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮೂರೂವರೆ ವರ್ಷ ಚರ್ಚೆಗೆ ಒಳಗಾಯಿತು.

ಮೊಕದ್ದಮೆ ಹೂಡಿದವನು ಕೇಸಿ ಮಾರ್ಟಿನ್ ಎಂಬ ತರುಣ. ೧೯೭೨ರಲ್ಲಿ ಆರೆಗಾನ್ ಸಂಸ್ಥಾನದ ಯೂಜೀನ್ ಎಂಬ ಊರಿನಲ್ಲಿ ಹುಟ್ಟಿದವನು. ಹುಟ್ಟಿನಿಂದಲೇ ಅವನ ಬಲಗಾಲಿಗೆ ಒಂದು ವಿಚಿತ್ರ ರೋಗ ಅಂಟಿಕೊಂಡಿತ್ತು. ಕ್ಲಿಪ್ಪೆಲ್, ಟ್ರೆನೌನೆ, ವೆಬರ್ ಎಂಬ ಮೂವರು ವೈದ್ಯರ ಹೆಸರುಗಳನ್ನು ಒಟ್ಟಿಗೆ ಹೊತ್ತ ರೋಗ ಅದು. ಕಾಲಿಗೆ ಇಳಿದ ರಕ್ತ ಹೃದಯಕ್ಕೆ ಸರಿಯಾಗಿ ಹಿಂದಿರುಗುವುದಿಲ್ಲ. ಕೆಟ್ಟ ರಕ್ತನಾಳಗಳಲ್ಲಿ ತುಂಬಿ ನಿಲ್ಲುತ್ತದೆ. ಕಾಲು ಊದಿಕೊಳ್ಳುತ್ತದೆ, ನೋಯುತ್ತದೆ, ಮೂಳೆ ಕ್ರಮೇಣ ಸವೆಯುತ್ತದೆ. ನಡೆದಷ್ಟೂ ನೋವು ಮಾತ್ರವಲ್ಲ, ಅಪಾಯವೂ ಹೆಚ್ಚು. ರಕ್ತ ಹೆಪ್ಪುಗಟ್ಟಬಹುದು, ಒಳಗೇ ಸ್ರವಿಸಬಹುದು, ಮೂಳೆ ಮುರಿಯಬಹುದು. ಮುರಿದರೆ ಕಾಲನ್ನೇ ಕತ್ತರಿಸಬೇಕಾಗಿ ಬರಬಹುದು. ವೈದ್ಯರು ಇದಾವುದನ್ನೂ ಅವನಿಂದ ಮುಚ್ಚಿಟ್ಟಿರಲಿಲ್ಲ.

ಇಂಥ ಕಾಲನ್ನು ಎಳೆದುಕೊಂಡೇ ಅವನು ಗಾಲ್ಫ್ ಕಲಿತನು. ಹದಿನೈದು ವರ್ಷ ತುಂಬುವುದರೊಳಗೆ ತನ್ನ ಸಂಸ್ಥಾನದಲ್ಲಿ ಕಿರಿಯರ ಹದಿನೇಳು ಪಂದ್ಯಗಳನ್ನು ಗೆದ್ದನು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದನು. ೧೯೯೪ರಲ್ಲಿ ಆ ವಿಶ್ವವಿದ್ಯಾನಿಲಯದ ತಂಡ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದಾಗ ಅವನೂ ಆ ತಂಡದಲ್ಲಿದ್ದನು. ಮುಂದೆ ಜಗತ್ತನ್ನೇ ಬೆರಗುಗೊಳಿಸಿದ ಟೈಗರ್ ವುಡ್ಸ್ ಅಲ್ಲಿ ಅವನ ಜೊತೆಗಾರ. ಕಾಲೇಜಿನ ಕೊನೆಯ ವರ್ಷಗಳಲ್ಲಿ ಕಾಲು ತೀರ ಕೆಟ್ಟಾಗ ಅವನ ಶಿಕ್ಷಕರು ಕ್ರೀಡಾಮಂಡಳಿಗೆ ಬರೆದುಕೊಂಡರು. ಮಂಡಳಿಯವರು ಹೆಚ್ಚು ತಕರಾರಿಲ್ಲದೆ ಪುಟ್ಟ ಮೋಟಾರು ಬಂಡಿಯಲ್ಲಿ ಕುಳಿತು ಸಂಚರಿಸಲು ಅನುಮತಿ ಕೊಟ್ಟರು. ತೊಂದರೆ ಆರಂಭವಾದದ್ದು ಅವನು ಆಟವನ್ನೇ ಜೀವನೋಪಾಯವಾಗಿ ಆರಿಸಿಕೊಂಡ ಮೇಲೆ.

ಇಲ್ಲಿ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಗಾಲ್ಫಿನಲ್ಲಿ ಹದಿನೆಂಟು ಗುಳಿಗಳು. ಒಂದೊಂದು ಗುಳಿಗೂ ಆರಂಭದ ಕಟ್ಟೆಯಿಂದ ನೂರಾರು ಗಜ ದೂರ. ಅತಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಗುಳಿಗೆ ಸೇರಿಸಿದವನು ಗೆದ್ದವನು. ಒಂದು ಸುತ್ತು ಮುಗಿಯುವ ಹೊತ್ತಿಗೆ ಆಟಗಾರ ಸುಮಾರು ೫ ಮೈಲಿ ನಡೆದಿರುತ್ತಾನೆ. ಅಮೆರಿಕೆಯ ವೃತ್ತಿಪರ ಪಂದ್ಯಗಳನ್ನು ನಡೆಸುವ ಪಿ.ಜಿ.ಎ. ಟೂರ್ ಎಂಬ ಸಂಸ್ಥೆ ತನ್ನ ಪಂದ್ಯಗಳಿಗೆ ಒಂದು ನಿಯಮವನ್ನು ಮಾಡಿಕೊಂಡಿತ್ತು: ಆಟಗಾರರೆಲ್ಲರೂ ನಡೆದೇ ಆಡತಕ್ಕದ್ದು. ೧೯೯೭ರಲ್ಲಿ ಅರ್ಹತಾ ಪರೀಕ್ಷೆಯ ಮೊದಲೆರಡು ಹಂತಗಳಲ್ಲಿ ಬಂಡಿಗೆ ಅಡ್ಡಿಯಿರಲಿಲ್ಲ. ಮೂರನೆಯ ಹಂತದಲ್ಲಿ ಅಡ್ಡಿ. ಮಾರ್ಟಿನ್ ವೈದ್ಯರ ಪತ್ರಗಳನ್ನು ಲಗತ್ತಿಸಿ ವಿನಾಯಿತಿ ಕೇಳಿದನು. ಸಂಸ್ಥೆ ಆ ಪತ್ರಗಳನ್ನು ಪರಿಶೀಲಿಸಲೂ ಒಪ್ಪಲಿಲ್ಲ. ಅವನು ನ್ಯಾಯಾಲಯದ ಬಾಗಿಲು ತಟ್ಟಿದನು.

ಅವನ ಕೈಯಲ್ಲಿದ್ದ ಆಯುಧವೆಂದರೆ ೧೯೯೦ರಲ್ಲಿ ಅಮೆರಿಕೆ ಮಾಡಿಕೊಂಡ ಅಂಗವಿಕಲರ ಹಕ್ಕುಗಳ ಶಾಸನ. ಸಾರ್ವಜನಿಕರಿಗೆ ತೆರೆದ ಜಾಗಗಳಲ್ಲಿ ಅಂಗವೈಕಲ್ಯದ ಕಾರಣದಿಂದ ಯಾರಿಗೂ ಭೇದ ಮಾಡಬಾರದು ಎಂದು ಅದು ವಿಧಿಸುತ್ತದೆ. ಅಂಥ ಜಾಗಗಳ ಪಟ್ಟಿಯಲ್ಲಿ ಹೋಟೆಲು, ನಾಟಕಶಾಲೆ, ವ್ಯಾಯಾಮಶಾಲೆಗಳ ಜೊತೆಗೆ ಗಾಲ್ಫ್ ಮೈದಾನ ಎಂಬ ಮಾತೂ ಸ್ಪಷ್ಟವಾಗಿ ಅಚ್ಚಾಗಿದೆ. ನ್ಯಾಯವಾದ ಬದಲಾವಣೆಗಳನ್ನು ಮಾಡಿಕೊಡಲೇಬೇಕು. ಆದರೆ ಆ ಬದಲಾವಣೆಯಿಂದ ನಡೆಸುತ್ತಿರುವ ಕಾರ್ಯದ ಮೂಲಸ್ವರೂಪವೇ ಕೆಡುವಂತಿದ್ದರೆ ಮಾಡಬೇಕಾಗಿಲ್ಲ ಎಂಬುದು ಶಾಸನದ ತಿರುಳು. ಹೀಗಾಗಿ ವಾದವೆಲ್ಲ ಒಂದೇ ಪ್ರಶ್ನೆಯ ಮೇಲೆ ಬಂದು ನಿಂತಿತು. ಗಾಲ್ಫಿನ ಜೀವ ಹೊಡೆತದಲ್ಲಿದೆಯೋ, ನಡಿಗೆಯಲ್ಲಿದೆಯೋ?

ಸಂಸ್ಥೆಯ ಪರವಾಗಿ ಸಾಕ್ಷಿ ನುಡಿದವರು ಸಾಮಾನ್ಯರಲ್ಲ. ಆರ್ನಾಲ್ಡ್ ಪಾಮರ್, ಜ್ಯಾಕ್ ನಿಕ್ಲಾಸ್, ಕೆನ್ ವೆಂಟುರಿ. ಈ ಆಟದಲ್ಲಿ ದೇವರುಗಳೆನಿಸಿಕೊಂಡ ಮೂವರು. ವೆಂಟುರಿಯ ಮಾತಿಗಂತೂ ತೂಕವಿತ್ತು. ೧೯೬೪ರ ಅಮೆರಿಕನ್ ಓಪನ್ ಪಂದ್ಯದ ಕೊನೆಯ ದಿನ ವಾಷಿಂಗ್ಟನ್ನಿನ ಬಳಿ ಉರಿಬಿಸಿಲಿನಲ್ಲಿ ಒಂದೇ ದಿನಕ್ಕೆ ಮೂವತ್ತಾರು ಗುಳಿಗಳನ್ನು ಆಡಿ, ಮೈಯೊಳಗಿನ ನೀರೆಲ್ಲ ಬತ್ತಿ, ವೈದ್ಯನೊಬ್ಬನು ಜೊತೆಯಲ್ಲೇ ನಡೆಯುತ್ತಿರಲು, ಬಿದ್ದೇಬಿಡುವನೇನೋ ಎನ್ನುವ ಸ್ಥಿತಿಯಲ್ಲಿ ಗೆದ್ದವನು ಆತ. ಮಾರನೆಯ ವರ್ಷದಿಂದ ಒಂದೇ ದಿನ ಮೂವತ್ತಾರು ಗುಳಿ ಆಡಿಸುವ ಪದ್ಧತಿಯನ್ನೇ ಬಿಟ್ಟರು. ದಣಿವು ಆಟದ ಭಾಗ, ದಣಿದಾಗಲೂ ಕೈ ನಡುಗದೆ ಹೊಡೆಯುವವನೇ ನಿಜವಾದ ಆಟಗಾರ ಎಂದು ಅವನು ಹೇಳಿದರೆ ಅಲ್ಲಗಳೆಯುವುದು ಸುಲಭವಲ್ಲ. ನಾನಂತೂ ಆ ವಾದವನ್ನು ಹಗುರವಾಗಿ ಎಣಿಸಲಾರೆ.

ಆದರೆ ಯೂಜೀನಿನ ನ್ಯಾಯಾಧೀಶ ಥಾಮಸ್ ಕಾಫಿನ್ ಅವರು ಮಾತಿನ ಮೇಲೆ ನಿಲ್ಲದೆ ಲೆಕ್ಕಕ್ಕೆ ಇಳಿದರು. ಶರೀರಶಾಸ್ತ್ರ ಬಲ್ಲ ಪ್ರಾಧ್ಯಾಪಕರನ್ನು ಕರೆಸಿ ಕೇಳಿದರು. ೫ ಮೈಲಿಯ ನಡಿಗೆ ಸುಮಾರು ಐದು ಗಂಟೆಗಳಲ್ಲಿ ಹಂಚಿಹೋಗುತ್ತದೆ. ನಡುನಡುವೆ ಎಷ್ಟೋ ಬಿಡುವು. ಅದಕ್ಕೆ ಖರ್ಚಾಗುವ ಶಕ್ತಿ ೫೦೦ ಕ್ಯಾಲೊರಿಗಳಷ್ಟು. ಅಲ್ಲಿಯ ಉಪಾಹಾರ ಮಂದಿರಗಳಲ್ಲಿ ಸಿಕ್ಕುವ ಒಂದು ಮಾಂಸದ ಬನ್ನಿಗಿಂತಲೂ ಕಡಿಮೆ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಎರಡು ಮಸಾಲೆ ದೋಸೆ ತಿಂದು ಎದ್ದವನು ಅಷ್ಟು ನಡೆದರೂ ಮನೆಗೆ ತೆಳ್ಳಗಾಗಿ ಹಿಂದಿರುಗುವ ಭಯವಿಲ್ಲ! ಬಿಸಿಲಿನಲ್ಲಿ ಆಟಗಾರ ಬಳಲುವುದು ಮೈಯ ನೀರು ಆರುವುದರಿಂದ, ಕಾಲು ಸೋಲುವುದರಿಂದಲ್ಲ. ಇನ್ನೊಂದು ಸಂಗತಿಯೂ ಹೊರಬಿತ್ತು. ಇದೇ ಸಂಸ್ಥೆ ಹಿರಿಯ ಆಟಗಾರರಿಗಾಗಿ ನಡೆಸುವ ಪಂದ್ಯಗಳಲ್ಲಿ ಬಂಡಿಗೆ ಅನುಮತಿಯಿತ್ತು. ಅನುಮತಿಯಿದ್ದರೂ ಆಟಗಾರರಲ್ಲಿ ಬಹುಮಂದಿ ನಡೆದೇ ಹೋಗುತ್ತಿದ್ದರು. ನಡೆದರೆ ಮನಸ್ಸಿನ ಬಿಗುವು ಸಡಿಲವಾಗುತ್ತದೆಯಂತೆ. ಬಂಡಿ ಅಷ್ಟೊಂದು ದೊಡ್ಡ ಅನುಕೂಲವಾಗಿದ್ದರೆ ಅವರೇಕೆ ಅದನ್ನು ಬಿಟ್ಟಾರು?

ಮತ್ತೆ ಮಾರ್ಟಿನ್ನನ ಕಡೆ ನೋಡಿ. ಬಂಡಿಯಿದ್ದರೂ ಬಂಡಿಯಿಂದ ಚೆಂಡಿನವರೆಗೆ, ಚೆಂಡಿನಿಂದ ಬಂಡಿಯವರೆಗೆ ಅವನು ಕುಂಟಿಕೊಂಡು ನಡೆಯುವ ದೂರವೇ ಒಂದು ಸುತ್ತಿಗೆ ಒಂದು ಮೈಲಿಯನ್ನು ಮೀರುತ್ತಿತ್ತು. ಆ ಒಂದು ಮೈಲಿಯಲ್ಲಿ ಅವನು ಅನುಭವಿಸುತ್ತಿದ್ದ ಬಳಲಿಕೆ, ಆರೋಗ್ಯವಂತನು ೫ ಮೈಲಿ ನಡೆದು ಪಡೆಯುವ ಬಳಲಿಕೆಗಿಂತ ಹೆಚ್ಚಿನದೆಂದು ನ್ಯಾಯಾಧೀಶರು ಕಂಡುಕೊಂಡರು. ೧೯೯೮ರ ಫೆಬ್ರವರಿಯಲ್ಲಿ ತೀರ್ಪು ಮಾರ್ಟಿನ್ನನ ಪರವಾಗಿ ಹೊರಬಿತ್ತು. ಅದಕ್ಕೆ ಕೆಲವೇ ವಾರಗಳ ಮೊದಲು, ತಾತ್ಕಾಲಿಕ ಆಜ್ಞೆಯ ಬಲದಿಂದ ಬಂಡಿಯಲ್ಲಿ ಕುಳಿತು ಆಡಿದ ಮೊದಲನೆಯ ಪಂದ್ಯವನ್ನೇ ಅವನು ಗೆದ್ದಿದ್ದನು. ಗೆಲುವು ಸಂತೋಷದ್ದೇ, ಆದರೆ 'ನೋಡಿದಿರಾ, ಬಂಡಿ ಗೆಲ್ಲಿಸಿತು!' ಎನ್ನುವವರ ಬಾಯಿಗೂ ಅದು ಸಕ್ಕರೆಯಾಯಿತು. ಆ ಬೇಸಗೆಯ ಅಮೆರಿಕನ್ ಓಪನ್ ಪಂದ್ಯದಲ್ಲಿ ಅದೇ ಬಂಡಿಯಲ್ಲಿ ಓಡಾಡಿ ಇಪ್ಪತ್ತಮೂರನೆಯ ಸ್ಥಾನವನ್ನು ಹಂಚಿಕೊಂಡಾಗ ಅವರ ಬಾಯಿ ಮುಚ್ಚಿತು.

ಸಂಸ್ಥೆ ಮೇಲ್ಮನವಿ ಸಲ್ಲಿಸಿತು. ೨೦೦೦ದ ಮಾರ್ಚಿಯಲ್ಲಿ ಒಂದು ವಿಚಿತ್ರ ನಡೆಯಿತು. ಪಶ್ಚಿಮ ತೀರದ ಮೇಲ್ಮನವಿ ನ್ಯಾಯಾಲಯ ಮಾರ್ಟಿನ್ನನ ಪರ ತೀರ್ಪಿತ್ತಿತು. ಮಾರನೆಯ ದಿನವೇ, ಸೊಂಟದ ಕೀಲು ಸವೆದ ಫೋರ್ಡ್ ಒಲಿಂಜರ್ ಎಂಬ ಇನ್ನೊಬ್ಬ ಆಟಗಾರನ ಮೊಕದ್ದಮೆಯಲ್ಲಿ ಮಧ್ಯ ಅಮೆರಿಕೆಯ ಮೇಲ್ಮನವಿ ನ್ಯಾಯಾಲಯ ಅದೇ ಶಾಸನವನ್ನು ಎದುರಿಗಿಟ್ಟುಕೊಂಡು ಬಂಡಿ ಕೂಡದೆಂದಿತು. ಒಂದೇ ದೇಶ, ಒಂದೇ ಶಾಸನ, ಒಂದು ದಿನದ ಅಂತರ. ಸರ್ವೋಚ್ಚ ನ್ಯಾಯಾಲಯ ನಡುವೆ ಬರದೆ ಗತ್ಯಂತರವಿರಲಿಲ್ಲ.

೨೦೦೧ರ ಮೇ ೨೯ರಂದು ಆ ನ್ಯಾಯಾಲಯದ ಏಳು ಮಂದಿ ಮಾರ್ಟಿನ್ನನ ಪರವಾಗಿಯೂ ಇಬ್ಬರು ವಿರೋಧವಾಗಿಯೂ ನಿಂತರು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅವರು ಸ್ವತಃ ಗಾಲ್ಫ್ ಪ್ರಿಯರು. ಅವರ ತರ್ಕ ಗೃಹಿಣಿಯರಿಗೂ ಅರ್ಥವಾಗುವಷ್ಟು ಸರಳ. ಗುಳಿಯ ಅಗಲವನ್ನು ಇಮ್ಮಡಿಗೊಳಿಸಿದರೆ, ಎಲ್ಲರಿಗೂ ಒಂದೇ ರೀತಿ ಅನ್ವಯಿಸಿದರೂ, ಅದು ಆಟವನ್ನೇ ಕೆಡಿಸಿದಂತೆ. ಇಲ್ಲವೆ, ಬದಲಾವಣೆ ಚಿಕ್ಕದಾದರೂ ಅದರಿಂದ ಒಬ್ಬನಿಗೆ ಮಾತ್ರ ಲಾಭವಾದರೆ ಅದೂ ತಪ್ಪು. ಬಂಡಿ ಇವೆರಡರಲ್ಲಿ ಯಾವುದೂ ಅಲ್ಲ. ಆರಂಭದಿಂದಲೂ ಆಟವೆಂದರೆ ಕೋಲಿನಿಂದ ಚೆಂಡನ್ನು ಹೊಡೆದು ಗುಳಿ ಸೇರಿಸುವುದು. ಎಡಿನ್‌ಬರೋದ ಗಾಲ್ಫ್ ಮಹನೀಯರು ೧೭೪೪ರಲ್ಲಿ ಬರೆದಿಟ್ಟ ಮೊತ್ತಮೊದಲ ಹದಿಮೂರು ನಿಯಮಗಳಲ್ಲಿಯೂ ನಡೆಯಲೇಬೇಕೆಂಬ ಮಾತಿಲ್ಲ. ಚೆಂಡು ನೀರಿಗೆ ಬಿದ್ದರೆ ಏನು ಮಾಡಬೇಕು, ಕುದುರೆಯೋ ನಾಯಿಯೋ ಅಡ್ಡ ಬಂದರೆ ಏನು ಮಾಡಬೇಕು ಎಂಬುದೆಲ್ಲ ಇದೆ.

ಭಿನ್ನಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ಅವರ ಲೇಖನಿಗೆ ಮೊನಚು ಹೆಚ್ಚು. ಬಿಲ್ಲುವಿದ್ಯೆಯ ಅಭ್ಯಾಸ ಕೆಡುತ್ತದೆಂದು ಸ್ಕಾಟ್ಲೆಂಡಿನ ರಾಜನು ೧೪೫೭ರಲ್ಲಿ ಗಾಲ್ಫನ್ನು ನಿಷೇಧಿಸಿದಂದಿನಿಂದ ಕಾನೂನಿಗೂ ಈ ಆಟಕ್ಕೂ ನಂಟು ತಪ್ಪಿಲ್ಲವೆಂದು ಅವರು ಹಾಸ್ಯ ಮಾಡಿದರು. ಅವರ ಮುಖ್ಯ ಆಕ್ಷೇಪಣೆ ಇದು: ಆಟಗಳ ನಿಯಮಗಳೆಲ್ಲ ಮನುಷ್ಯ ತನ್ನ ಮನಸ್ಸಿಗೆ ಬಂದಂತೆ ಮಾಡಿಕೊಂಡವು, ಅವುಗಳಲ್ಲಿ ಮುಖ್ಯವಾವುದು, ಅಮುಖ್ಯವಾವುದು ಎಂದು ಹೇಳಲು ನ್ಯಾಯಾಧೀಶರಾರು? ಇಂದು ಬಂಡಿ, ನಾಳೆ ಗಮನ ನಿಲ್ಲದ ಹುಡುಗನಿಗೆ ಬೇಸ್‌ಬಾಲ್ ಪಂದ್ಯದಲ್ಲಿ ಇನ್ನೊಂದು ಹೊಡೆತದ ಅವಕಾಶ ಕೊಡಿ ಎಂದು ತಾಯಿತಂದೆಯರು ನ್ಯಾಯಾಲಯಕ್ಕೆ ಓಡಿಬರುತ್ತಾರೆ. ಬುದ್ಧಿವಂತಿಕೆಯ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೂ ನನಗೆ ತೋರುವುದೇನೆಂದರೆ, ಹೊಡೆತದ ಲೆಕ್ಕ ಬೇರೆ, ಹೊಡೆತದಿಂದ ಹೊಡೆತಕ್ಕೆ ಸಾಗುವ ದಾರಿಯ ಲೆಕ್ಕ ಬೇರೆ. ಎರಡನ್ನೂ ಬೇರ್ಪಡಿಸುವುದಕ್ಕೆ ನ್ಯಾಯಶಾಸ್ತ್ರವೇ ಬೇಕಾಗಿಲ್ಲ. ಚೀಲ ಹೊರಲು ಕ್ಯಾಡಿಯನ್ನು ಒಪ್ಪಿಕೊಂಡ ದಿನವೇ ಗಾಲ್ಫ್ ಅದನ್ನು ಮಾಡಿಬಿಟ್ಟಿತ್ತು.

ಹೊಡೆತಕ್ಕೆ ಎರಡು ಗಟ್ಟಿ ಕಾಲುಗಳಾದರೂ ಬೇಡವೆ ಎಂದು ಯಾರಾದರೂ ಕೇಳಬಹುದು. ಅದಕ್ಕೂ ಹಿಂದೆಯೇ ಒಬ್ಬನು ಉತ್ತರ ಕೊಟ್ಟಿದ್ದಾನೆ. ಇಂಗ್ಲೆಂಡಿನ ಅರ್ನೆಸ್ಟ್ ಜೋನ್ಸ್ ಎಂಬ ವೃತ್ತಿಪರ ಆಟಗಾರ ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ, ೧೯೧೬ರಲ್ಲಿ ಸಿಡಿಗುಂಡಿನ ಚೂರುಗಳಿಗೆ ಸಿಕ್ಕಿ ಮಂಡಿಯ ಕೆಳಗೆ ಬಲಗಾಲನ್ನು ಕಳೆದುಕೊಂಡನು. ಮನೆಗೆ ಮರಳಿದ ಕೆಲವೇ ತಿಂಗಳುಗಳಲ್ಲಿ, ಕೃತಕ ಕಾಲು ಕೂಡ ಇಲ್ಲದೆ, ಒಂಟಿಗಾಲಿನ ಮೇಲೆ ನಿಂತು ಹದಿನೆಂಟು ಗುಳಿಗಳ ಸುತ್ತನ್ನು ೮೩ ಹೊಡೆತಗಳಲ್ಲಿ ಮುಗಿಸಿದನು. ಎರಡು ಕಾಲಿರುವ ಹವ್ಯಾಸಿಗಳಲ್ಲಿ ಹೆಚ್ಚಿನವರು ಜೀವಮಾನದಲ್ಲೊಮ್ಮೆಯೂ ಕಾಣದ ಅಂಕೆ ಅದು. ಅಂದಿನಿಂದ ಅವನಿಗೊಂದು ಜಿಜ್ಞಾಸೆ ಹಿಡಿಯಿತು. ಕಾಲು ಹೀಗಿರಲಿ, ಭುಜ ಹಾಗಿರಲಿ, ಸೊಂಟ ಇಷ್ಟು ತಿರುಗಲಿ ಎಂದು ಉಪಾಧ್ಯಾಯರು ಕಲಿಸುತ್ತಾರಲ್ಲ, ಅದರಲ್ಲಿ ಅರ್ಧ ದೇಹವೇ ಇಲ್ಲದಿದ್ದರೂ ಚೆಂಡು ಹೋಗುವುದಾದರೆ, ಆ ಪಾಠಗಳೆಲ್ಲ ಏತಕ್ಕೆ? ಕೋಲಿನ ತುದಿ ಸರಿಯಾಗಿ ತೂಗಿಬಂದರೆ ಸಾಕು, ದೇಹ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬ ತೀರ್ಮಾನಕ್ಕೆ ಬಂದನು. ಮುಂದೆ ಅಮೆರಿಕೆಗೆ ಹೋಗಿ ನ್ಯೂಯಾರ್ಕಿನ ಎತ್ತರದ ಕಟ್ಟಡವೊಂದರ ಕೋಣೆಯಲ್ಲಿ ಪಾಠ ಹೇಳತೊಡಗಿದನು. ಕರವಸ್ತ್ರದ ತುದಿಗೆ ಒಂದು ಕಿರುಚೂರಿಯನ್ನು ಕಟ್ಟಿ, ಅದನ್ನು ಗಡಿಯಾರದ ಲೋಲಕದಂತೆ ತೂಗಿ, 'ಹೀಗೆ' ಎಂದು ತೋರಿಸುವುದು ಅವನ ಪಾಠದ ಸಾರಾಂಶ. ಎರಡು ಕಾಲಿನವರು ದುಡ್ಡು ಕೊಟ್ಟು ಒಂಟಿಕಾಲಿನವನಲ್ಲಿ ಕಲಿತರು.

ಕಣ್ಣಿಲ್ಲದವರ ಗಾಲ್ಫ್ ಇನ್ನೂ ಸೋಜಿಗದ್ದು. ಮಿನ್ನೆಸೋಟದ ಡುಲೂತ್ ನಗರದ ಕ್ಲಿಂಟ್ ರಸೆಲ್ ಎಂಬಾತನ ಮುಖಕ್ಕೆ ೧೯೨೪ರಲ್ಲಿ ಮೋಟಾರಿನ ಟೈರು ಸಿಡಿದು ದೃಷ್ಟಿ ಹೋಯಿತು. ಗೆಳೆಯನೊಬ್ಬನ ನೆರವಿನಿಂದ ಅವನು ಮತ್ತೆ ಕೋಲು ಹಿಡಿದನು. ಕಾಲಾನಂತರದಲ್ಲಿ ಒಂದು ಸುತ್ತನ್ನು ೮೪ ಹೊಡೆತಗಳಲ್ಲಿ ಮುಗಿಸಿದನು. ಕುರುಡ ಆಟಗಾರನ ಜೊತೆಯಲ್ಲಿ ಒಬ್ಬ ಮಾರ್ಗದರ್ಶಿ ಇರುತ್ತಾನೆ. ಕೋಲಿನ ತುದಿಯನ್ನು ಚೆಂಡಿನ ಹಿಂದೆ ತಂದಿರಿಸುತ್ತಾನೆ, ನಿಂತ ದಿಕ್ಕನ್ನು ತಿದ್ದುತ್ತಾನೆ, ಇಷ್ಟು ದೂರ, ಎಡಗಡೆ ನೀರು, ಗಾಳಿ ಎದುರಿನಿಂದ ಎಂದು ಹೇಳಿ ಸರಿದು ನಿಲ್ಲುತ್ತಾನೆ. ಆಮೇಲಿನದು ಆಟಗಾರನದು. ಗಾಲ್ಫಿನಲ್ಲಿ ಚೆಂಡು ಕದಲದೆ ಕಾದು ಕುಳಿತಿರುತ್ತದೆ. ಟೆನ್ನಿಸಿನಂತೆ, ಕ್ರಿಕೆಟ್ಟಿನಂತೆ ಎದುರಿನಿಂದ ಹಾರಿಬರುವುದಿಲ್ಲ. ಎದುರಾಳಿ ಮೈಮೇಲೆ ಬೀಳುವುದಿಲ್ಲ. ಎಷ್ಟು ಹೊತ್ತಿಗೆ ಹೊಡೆಯಬೇಕೆಂಬುದನ್ನು ಹೊಡೆಯುವವನೇ ನಿಶ್ಚಯಿಸುತ್ತಾನೆ. ನಾನಾ ಬಗೆಯ ದೇಹಗಳನ್ನು ಒಂದೇ ಪಂದ್ಯದಲ್ಲಿ ಸೇರಿಸಿಕೊಳ್ಳಲು ಇದಕ್ಕಿಂತ ಅನುಕೂಲವಾದ ಆಟ ಮತ್ತೊಂದಿರಲಾರದು. ಹಾಗಿದ್ದೂ ಬೇಲಿ ಹಾಕಿಕೊಂಡದ್ದು ಇದೇ ಆಟ!

ಬೇಲಿ ಎಂದೆ. ಅದು ಯಾವಾಗಲೂ ಮನಸ್ಸಿನದೇ ಆಗಿರಬೇಕೆಂದಿಲ್ಲ. ಎಷ್ಟೋ ವೇಳೆ ಆರು ಅಂಗುಲದ ಕಲ್ಲಂಚು ಸಾಕಾಗುತ್ತದೆ. ಬಂಡಿಯ ಹಾದಿಗೂ ಹುಲ್ಲಿನ ಬಯಲಿಗೂ ನಡುವೆ ಅಂಥ ಅಂಚನ್ನು ಕಟ್ಟಿಬಿಟ್ಟರೆ, ಗಾಲಿಕುರ್ಚಿಯವನಿಗೆ ಸರ್ವೋಚ್ಚ ನ್ಯಾಯಾಲಯದ ತೀರ್ಪು ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಅಮೆರಿಕೆಯವರು ೨೦೧೦ರಲ್ಲಿ ಹೊರಡಿಸಿದ ಕಟ್ಟಡ ಮಾನದಂಡಗಳಲ್ಲಿ ಇದನ್ನು ಯೋಚಿಸಿದ್ದಾರೆ. ಅಂಚು ಕಟ್ಟಿದ ಕಡೆ ಹೆಚ್ಚೆಂದರೆ ೭೫ ಗಜಕ್ಕೊಂದರಂತೆ, ಕಡಿಮೆಯೆಂದರೆ ೬೦ ಅಂಗುಲ ಅಗಲದ ತೆರಪು ಬಿಡಬೇಕು. ಪ್ರತಿಯೊಂದು ಗುಳಿಯ ಆರಂಭದ ಕಟ್ಟೆಗಳಲ್ಲಿ ಗೊತ್ತಾದಷ್ಟಕ್ಕೆ ಬಂಡಿ ಹತ್ತಿ ಇಳಿಯುವಂತಿರಬೇಕು. ಗುಳಿಯ ಸುತ್ತಲಿನ ನುಣ್ಣನೆಯ ಹಸುರು ಹಾಸಿಗೂ ಬಂಡಿ ಬರುವಂತಿರಬೇಕು. ಮಳೆ ಬಂದರೆ ನಿಲ್ಲುವ ಮಂಟಪಕ್ಕೂ ಹಾಗೆಯೇ. ಹಾಸು ಹಾಳಾಗುವುದಿಲ್ಲವೆ ಎಂದು ಮಾಲಿಗಳು ಹೌಹಾರುವುದು ಸಹಜ. ಒಬ್ಬರೇ ಕೂರುವ ಹಗುರ ಬಂಡಿಗಳು ಈಗ ದೊರೆಯುತ್ತವೆ. ಅವುಗಳ ಭಾರ ಅಗಲವಾದ ಟೈರುಗಳ ಮೇಲೆ ಹರಡಿಹೋಗುತ್ತದೆ. ಅವುಗಳಲ್ಲಿ ಕುರ್ಚಿಯು ಪಕ್ಕಕ್ಕೆ ತಿರುಗುತ್ತದೆ. ಕುಳಿತವನು ಕುಳಿತಲ್ಲಿಂದಲೇ ಹೊಡೆಯಬಹುದು. ಕಾಲುಗಳಲ್ಲಿ ಸ್ವಾಧೀನವಿಲ್ಲದವನನ್ನು ಪಟ್ಟಿಗಳಿಂದ ಬಿಗಿದು, ನಿಧಾನವಾಗಿ ಮೇಲೆತ್ತಿ, ನಿಂತ ಭಂಗಿಯಲ್ಲಿ ಹಿಡಿದಿರುವ ಯಂತ್ರಗಳೂ ಬಂದಿವೆ. ವರ್ಷಗಟ್ಟಲೆ ಎಲ್ಲರನ್ನೂ ಕತ್ತೆತ್ತಿ ನೋಡಬೇಕಾಗಿದ್ದ ಮನುಷ್ಯ ಆ ಯಂತ್ರದಲ್ಲಿ ಎದ್ದು ನಿಂತು ತನ್ನವರ ಕಣ್ಣಿಗೆ ಕಣ್ಣು ಕೊಟ್ಟು ನೋಡುವ ಆ ಕ್ಷಣಕ್ಕೆ ಗಾಲ್ಫ್ ಒಂದು ನೆಪವಾದರೂ ಚಿಂತೆಯಿಲ್ಲ.

ನಿಯಮಪುಸ್ತಕವೂ ತಡವಾಗಿಯಾದರೂ ಎಚ್ಚೆತ್ತುಕೊಂಡಿತು. ಅಂಗವಿಕಲರಿಗಾಗಿ ಮಾರ್ಪಡಿಸಿದ ನಿಯಮಗಳು ಹಿಂದೆಯೂ ಇದ್ದವು, ಆದರೆ ಬೇರೆಯಾಗಿದ್ದವು. ಪಂದ್ಯ ನಡೆಸುವವರು ಇಷ್ಟಪಟ್ಟರೆ ಅನ್ವಯಿಸುತ್ತಿದ್ದರು. ೨೦೨೩ರ ಜನವರಿ ೧ರಿಂದ ಅವು ಇಪ್ಪತ್ತೈದನೆಯ ನಿಯಮವೆಂಬ ಹೆಸರಿನಲ್ಲಿ ಮೂಲಪುಸ್ತಕವನ್ನೇ ಸೇರಿದವು. ಈಗ ಯಾವ ದೇಶದ ಯಾವ ಪಂದ್ಯದಲ್ಲಾದರೂ ಸರಿ, ಕೇಳಿ ಪಡೆಯುವ ದಯೆಯಲ್ಲ, ಆಟದ ನಿಯಮ. ಅದರ ಸೂಕ್ಷ್ಮಗಳನ್ನು ಓದಿದರೆ, ಬರೆದವರು ಮೈದಾನದಲ್ಲಿ ನಿಂತು ನೋಡಿ ಬರೆದಿದ್ದಾರೆಂದು ಗೊತ್ತಾಗುತ್ತದೆ. ಆಟಗಾರ ಹೊಡೆಯಲು ಅಣಿಯಾಗುವಾಗ ಕ್ಯಾಡಿ ಬೆನ್ನ ಹಿಂದೆ ನೇರಕ್ಕೆ ನಿಂತು ಗುರಿ ತಿದ್ದುವಂತಿಲ್ಲ. ಕುರುಡನ ಸಹಾಯಕ ನಿಲ್ಲಬಹುದು. ಮರಳುಗುಂಡಿಯಲ್ಲಿ ಹೊಡೆಯುವ ಮೊದಲು ಕೋಲು ಮರಳನ್ನು ಮುಟ್ಟಿದರೆ ದಂಡ. ಕುರುಡನಿಗೆ ಮುಟ್ಟದೆ ತಿಳಿಯುವುದು ಹೇಗೆ? ಆದುದರಿಂದ ಅವನಿಗೆ ದಂಡವಿಲ್ಲ. ಚೆಂಡು ಮರಳುಗುಂಡಿಗೆ ಬಿದ್ದು, ಅದನ್ನು ಅಲ್ಲಿಂದ ಆಡದೆ ಹೊರಗೆ ತಂದಿಟ್ಟುಕೊಳ್ಳಬೇಕಾದರೆ ಉಳಿದವರು ಎರಡು ಹೊಡೆತಗಳ ದಂಡ ತೆರಬೇಕು. ಗಾಲಿಕುರ್ಚಿಯವನು ಒಂದನ್ನು ತೆತ್ತರೆ ಸಾಕು. ಗಾಲಿ ಮರಳಿನಲ್ಲಿ ಹೂತುಹೋಗುವುದು ಆಟದ ಅಕೌಶಲವಲ್ಲವಷ್ಟೆ. ಒಂದನ್ನು ಮಾತ್ರ ಉಳಿಸಿಕೊಂಡಿದ್ದಾರೆ ಎಂಬುದನ್ನು ಗಮನಿಸಿ. ಚೆಂಡನ್ನು ಅಲ್ಲಿಗೆ ಹೊಡೆದ ತಪ್ಪಿಗೆ ಆ ಒಂದು!

ಆ ವೇಳೆಗೆ ಪಂದ್ಯಗಳೂ ಆರಂಭವಾಗಿದ್ದವು. ೨೦೨೨ರ ಜುಲೈಯಲ್ಲಿ ಉತ್ತರ ಕೆರೊಲಿನದ ಪೈನ್‌ಹರ್ಸ್ಟಿನಲ್ಲಿ ಅಂಗವಿಕಲರ ಮೊದಲನೆಯ ಅಮೆರಿಕನ್ ಓಪನ್ ನಡೆಯಿತು. ಒಟ್ಟು ೯೬ ಮಂದಿ, ಮೂರು ದಿನ, ಎಂಟು ವರ್ಗಗಳು. ಕೈಯಿಲ್ಲದವರು, ಕಾಲಿಲ್ಲದವರು, ದೃಷ್ಟಿ ಮಾಂದ್ಯದವರು, ಕುಳ್ಳರು, ಕುಳಿತು ಆಡುವವರು, ನರದೌರ್ಬಲ್ಯದವರು, ಬುದ್ಧಿಯ ಬೆಳವಣಿಗೆ ಬೇರೆಯಾಗಿರುವವರು. ಪುರುಷರಲ್ಲಿ ಒಟ್ಟು ಪ್ರಶಸ್ತಿಯನ್ನು ಪಡೆದವನು ಕೊರಿಯಾದ ಸೈಮನ್ ಲೀ, ಆಟಿಸಂ ಉಳ್ಳ ತರುಣ. ಮಹಿಳೆಯರಲ್ಲಿ ರಯಾನ್ ಜ್ಯಾಕ್ಸನ್. ಒಲಿಂಪಿಕ್ಸಿಗೆ ೨೦೧೬ರಲ್ಲಿಯೇ ಮರಳಿದ ಗಾಲ್ಫ್, ೨೦೨೪ರ ಪ್ಯಾರಿಸಿನ ಪ್ಯಾರಾಲಿಂಪಿಕ್ಸಿನಲ್ಲಿ ಇರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ನಮ್ಮ ದೇಶದಲ್ಲಿಯೂ ಶಾಸನಕ್ಕೆ ಕೊರತೆಯಿಲ್ಲ. ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಮೂವತ್ತನೆಯ ಪ್ರಕರಣ ಕ್ರೀಡೆಗಳಿಗೇ ಮೀಸಲು. ಕ್ರೀಡೆಯ ಸೌಕರ್ಯಗಳನ್ನು ಎಲ್ಲರೂ ಸೇರಲು ಆಗುವಂತೆ ಮತ್ತೆ ರೂಪಿಸಬೇಕೆಂದು ಅದು ಹೇಳುತ್ತದೆ. ನಮ್ಮ ಕ್ಲಬ್ಬುಗಳವರು ಬೇರೇನನ್ನೂ ಮಾಡದೆ, ಒಂದು ದಿನ ಗಾಲಿಕುರ್ಚಿಯೊಂದನ್ನು ತರಿಸಿ, ತಮ್ಮ ಕಾರ್ಯದರ್ಶಿಗಳನ್ನೇ ಅದರಲ್ಲಿ ಕುಳ್ಳಿರಿಸಿ, ಹೆಬ್ಬಾಗಿಲಿನಿಂದ ಮೊದಲನೆಯ ಗುಳಿಯವರೆಗೆ ತಳ್ಳಿಕೊಂಡು ಹೋಗಿ ನೋಡಿದರೆ ಸಾಕು. ಎಲ್ಲೆಲ್ಲಿ ಕಲ್ಲಂಚನ್ನು ಒಡೆಯಬೇಕೆಂಬುದು ತಾನಾಗಿ ತಿಳಿಯುತ್ತದೆ. ನಾನೇನೂ ಹಾಸ್ಯಕ್ಕೆ ಹೇಳುತ್ತಿಲ್ಲ.

ಮಾರ್ಟಿನ್ನನ ಕಥೆ ಎಲ್ಲಿಗೆ ಬಂದಿತೆಂದು ಓದುಗರು ಕೇಳದಿರಲಾರರು. ಗೆದ್ದ ಬಂಡಿ ಅವನನ್ನು ಶಿಖರಕ್ಕೇನೂ ಒಯ್ಯಲಿಲ್ಲ. ೨೦೦೦ದಲ್ಲಿ ಒಂದು ವರ್ಷ ಮೇಲಿನ ದರ್ಜೆಯ ಪಂದ್ಯಗಳಲ್ಲಿ ಆಡಿದನು. ಆ ಸ್ಥಾನ ಉಳಿಯಲಿಲ್ಲ. ಬಂಡಿ ಸಿಕ್ಕಿದವರೆಲ್ಲ ಗೆದ್ದುಬಿಡುತ್ತಾರೆಂದು ಅಂಜಿದವರಿಗೆ ಇದಕ್ಕಿಂತ ನೆಮ್ಮದಿಯ ಉತ್ತರ ಸಿಕ್ಕಲಾರದು. ೨೦೦೬ರಲ್ಲಿ ತನ್ನ ಊರಿನ ಆರೆಗಾನ್ ವಿಶ್ವವಿದ್ಯಾನಿಲಯದಲ್ಲಿ ಗಾಲ್ಫ್ ಶಿಕ್ಷಕನಾದನು. ೨೦೧೨ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಇನ್ನೊಮ್ಮೆ ಅಮೆರಿಕನ್ ಓಪನ್ನಿಗೆ ಅರ್ಹತೆ ಪಡೆದು ಹದಿನಾಲ್ಕು ವರ್ಷಗಳ ಹಿಂದೆ ಆಡಿದ್ದ ಅದೇ ಮೈದಾನಕ್ಕೆ ಇಳಿದನು. ಎರಡು ದಿನಗಳ ಬಳಿಕ ಹೊರಬಿದ್ದನು. ಮಾರನೆಯ ವರ್ಷ ಕಿರಿಯರ ಪಂದ್ಯವೊಂದಕ್ಕೆ ಪ್ರತಿಭಾವಂತ ಹುಡುಗರನ್ನು ಹುಡುಕಲು ಹೋಗಿದ್ದಾಗ, ಪ್ರೇಕ್ಷಕರಿಗೆ ಬಂಡಿ ಕೂಡದೆಂದು ಅವನನ್ನು ಬಂಡಿಯಿಂದ ಇಳಿಸಿದರು; ಸುದ್ದಿಯಾದ ಮೇಲೆ ಕ್ಷಮೆ ಕೇಳಿದರು. ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದ ಮನುಷ್ಯನಿಗೆ, ಗೆದ್ದು ಹನ್ನೆರಡು ವರ್ಷಗಳಾದ ಮೇಲೆ! ೨೦೧೬ರಲ್ಲಿ ಅವನ ಶಿಷ್ಯರ ತಂಡ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು.

೨೦೧೯ರಲ್ಲಿ ಆ ಬಲಗಾಲಿನ ಮೂಳೆ ಮುರಿಯಿತು. ಎರಡು ವರ್ಷ ಉಪಚಾರ ನಡೆಯಿತು, ಕೂಡಲಿಲ್ಲ. ೨೦೨೧ರ ಅಕ್ಟೋಬರಿನಲ್ಲಿ ವೈದ್ಯರು ಮಂಡಿಯ ಮೇಲ್ಗಡೆ ಅದನ್ನು ಕತ್ತರಿಸಿದರು. ಬಂಡಿಯ ನೆರವಿನಿಂದ ಅಷ್ಟು ವರ್ಷ ಉಳಿಸಿಕೊಂಡ ಕಾಲು ಅದು. ಕಾಲು ಕಳೆದುಕೊಂಡವನು ಕೃತಕ ಕಾಲನ್ನು ತೊಟ್ಟು ಆಡಬಹುದೆಂಬ ಮಾತು ಆಮೇಲೆ ಬಂದ ಇಪ್ಪತ್ತೈದನೆಯ ನಿಯಮದಲ್ಲಿ, ಕುರುಡರ ವಿಷಯ ಮುಗಿದ ಕೂಡಲೇ, ಅಚ್ಚಾಗಿದೆ.